ಮನೆಯ ವರ್ಕ್‌ಶಾಪಿನ ಏರ್ ಕಂಪ್ರೆಸರಿಗೆ ತಕ್ಕ ಫಿಲ್ಟರ್ ಯಾವುದು?

ಸೊರಬ ತಾಲ್ಲೂಕಿನ ಹಳ್ಳಿಗಳಿಗೆ ಪವರ್ ಟಿಲ್ಲರು, ಟ್ರ್ಯಾಕ್ಟರು, ಅಡಿಕೆ ಸುಲಿಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಇವೆಲ್ಲ ಬಂದ ಮೇಲೆ ಅವುಗಳ ಹಿಂದೆಯೇ ಒಂದು ಸಣ್ಣ ಏರ್ ಕಂಪ್ರೆಸರು ಸಹ ಹಲವು ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ನೆಲೆಯೂರಿದೆ. ಟೈರಿಗೆ ಗಾಳಿ ಹಾಕಲು ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಟ್ರಾಲಿ ಎಳೆದುಕೊಂಡು ಹೋಗುವ ಕಷ್ಟ ಇದರಿಂದ ತಪ್ಪಿತು. ಟಿಲ್ಲರಿನ ರೇಡಿಯೇಟರಿಗೆ ಅಂಟಿದ ಹೊಟ್ಟು ಊದುವುದು, ಸಿಂಪರಣಾ ಯಂತ್ರದ ಮೂತಿ ಕಟ್ಟಿದಾಗ ಬಾಯಿಯಿಂದ ಊದದೆ ಗಾಳಿಯಿಂದ ಬಿಡಿಸುವುದು, ಬಿಗಿದ ನಟ್ಟು ಸಡಿಲಿಸುವುದು, ನೇಗಿಲು, ಕಬ್ಬಿಣದ ಚಕ್ರಗಳಿಗೆ ಬಣ್ಣ ಹೊಡೆಯುವುದು, ಹೀಗೆ ಒಂದೇ ಯಂತ್ರ ಹತ್ತು ಕೆಲಸಕ್ಕೆ ಒದಗುತ್ತದೆ.

ಆದರೆ ಆರಿದ್ರಾ ಮಳೆ ಹಿಡಿಯಿತೆಂದರೆ ಈ ಯಂತ್ರದ ಬಗೆಗೆ ದೂರುಗಳು ಪ್ರಾರಂಭವಾಗುತ್ತವೆ. ಬಣ್ಣ ಹೊಡೆಯುವ ಗನ್ನಿನಿಂದ ಬಣ್ಣದೊಡನೆ ನೀರಿನ ಹನಿ ಸಿಡಿಯುತ್ತದೆ. ನಟ್ಟು ಬಿಚ್ಚುವ ಗಾಳಿಯ ಸಾಧನವನ್ನು ಎರಡು ವಾರ ಬಿಟ್ಟು ಕೈಗೆತ್ತಿಕೊಂಡರೆ ಒಳಗೆ ತುಕ್ಕು ಹಿಡಿದು ತಿರುಗುವುದಿಲ್ಲ. ಪೇಟೆಗೆ ಹೋಗಿ ಪಾರದರ್ಶಕ ಬಟ್ಟಲಿರುವ ಒಂದು ಫಿಲ್ಟರನ್ನು ತಂದು ಟ್ಯಾಂಕಿನ ಬಾಯಿಗೆ ಕೂರಿಸಿದರೂ ಕೊಳವೆಯ ತುದಿಯಲ್ಲಿ ನೀರು ಬರುವುದು ನಿಲ್ಲುವುದಿಲ್ಲ. ಆಗ ಫಿಲ್ಟರು ಕೆಟ್ಟದ್ದು, ಅಂಗಡಿಯವನು ಮೋಸ ಮಾಡಿದ ಎಂದು ತೀರ್ಮಾನಿಸುವುದು ಸುಲಭ. ಬಹುಪಾಲು ಸಂದರ್ಭಗಳಲ್ಲಿ ಫಿಲ್ಟರು ಸರಿಯಾಗಿಯೇ ಇರುತ್ತದೆ, ಅದನ್ನು ಕೂರಿಸಿದ ಜಾಗ ಸರಿಯಿರುವುದಿಲ್ಲ. ಆದ್ದರಿಂದ ಯಾವ ಫಿಲ್ಟರು ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯುವುದು ಅವಶ್ಯ.

ಗಾಳಿಯಲ್ಲಿ ಎಷ್ಟು ನೀರಿದೆ?

ಗಾಳಿಯಲ್ಲಿ ಸದಾ ನೀರಿನ ಆವಿ ಇರುತ್ತದೆ. ಎಷ್ಟು ಆವಿಯನ್ನು ಗಾಳಿ ಹೊರಬಲ್ಲದು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಂ. ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರನ್ನು ಆವಿಯ ರೂಪದಲ್ಲಿ ಹೊರುತ್ತದೆ, 25 ಡಿಗ್ರಿಯಲ್ಲಿ 23 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ. ಇದಕ್ಕಿಂತ ಹೆಚ್ಚಾದ ನೀರು ಹನಿಯಾಗಿ ಬೀಳಲೇಬೇಕು. ಬೆಳಗಿನ ಜಾವ ಗದ್ದೆಯ ಬದುವಿನ ಹುಲ್ಲಿನ ಮೇಲೆ ಕಾಣುವ ಇಬ್ಬನಿ ಇದೇ ರೀತಿ ಬಿದ್ದದ್ದು. ಭತ್ತದ ಎಲೆಯ ಮೇಲೆ ಈ ತೇವ ಹೆಚ್ಚು ಹೊತ್ತು ನಿಂತರೆ ಬೆಂಕಿರೋಗಕ್ಕೆ ಅನುಕೂಲವಾಗುತ್ತದೆಂದು ನಿಮಗೆ ಗೊತ್ತಿದೆ. ಕಂಪ್ರೆಸರಿನಲ್ಲಿ ಅದೇ ತೇವ ತುಕ್ಕಿಗೆ ಅನುಕೂಲ ಮಾಡಿಕೊಡುತ್ತದೆ.

ಗಾಳಿಯನ್ನು ಅದುಮಿದಾಗ ಏನಾಗುತ್ತದೆ ನೋಡಿ. ಟ್ಯಾಂಕಿನ ಮಾಪಕ ಚದರ ಸೆಂಟಿಮೀಟರಿಗೆ 7 ಕಿ.ಗ್ರಾಂ ತೋರಿಸುತ್ತಿದೆ ಎಂದುಕೊಳ್ಳಿ, ಮಾತಿನಲ್ಲಿ ನಾವು 100 ಪೌಂಡು ಎನ್ನುವುದು ಇದನ್ನೇ. ಹೊರಗಿನ 8 ಘನ ಮೀಟರ್ ಗಾಳಿ ಆಗ ಟ್ಯಾಂಕಿನಲ್ಲಿ ಒಂದೇ ಘನ ಮೀಟರಿನ ಜಾಗದಲ್ಲಿ ಕೂತಿರುತ್ತದೆ. ಆದರೆ ಒಂದು ಘನ ಮೀಟರಿನ ಜಾಗ ಎಷ್ಟು ಆವಿಯನ್ನು ಹೊರಬಲ್ಲದೋ ಅಷ್ಟೇ ಉಳಿಯುತ್ತದೆ. ಮಿಕ್ಕದ್ದೆಲ್ಲ ನೀರಾಗುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ ಎಂದು ತಿಳಿದರೆ ತಪ್ಪಿಲ್ಲ.

ಲೆಕ್ಕ ಹಾಕಿ ನೋಡೋಣ. 2 ಅಶ್ವಶಕ್ತಿಯ ಕಂಪ್ರೆಸರು ನಿಮಿಷಕ್ಕೆ ಸುಮಾರು 170 ಲೀಟರ್ ಗಾಳಿ ಕೊಡುತ್ತದೆ ಎಂದಿಟ್ಟುಕೊಂಡರೆ ಒಂದು ಗಂಟೆಗೆ 10 ಘನ ಮೀಟರ್ ಆಯಿತು. ಆಷಾಢದ ಒಂದು ದಿನ 25 ಡಿಗ್ರಿ ಉಷ್ಣತೆ, ಶೇಕಡಾ 90 ಆರ್ದ್ರತೆ ಇದೆ ಎನ್ನೋಣ. ಈ 10 ಘನ ಮೀಟರ್ ಗಾಳಿಯೊಡನೆ ಸುಮಾರು 207 ಗ್ರಾಂ ನೀರು ಯಂತ್ರದೊಳಕ್ಕೆ ಹೋಗುತ್ತದೆ. ಅದುಮಿದ ಗಾಳಿ ಟ್ಯಾಂಕಿನಲ್ಲಿ 30 ಡಿಗ್ರಿಗೆ ತಣಿದಾಗ ಆವಿಯಾಗಿ ಉಳಿಯಬಲ್ಲದ್ದು ಸುಮಾರು 38 ಗ್ರಾಂ ಮಾತ್ರ. ಉಳಿದ 169 ಗ್ರಾಂ, ಅಂದರೆ ಒಂದು ಲೋಟದಷ್ಟು ನೀರು, ಗಂಟೆಗೊಮ್ಮೆ ಬೇರ್ಪಡುತ್ತದೆ. ಇದೇ ಯಂತ್ರವನ್ನು ಮಾರ್ಚ್ ತಿಂಗಳ ಒಣ ಮಧ್ಯಾಹ್ನ, 34 ಡಿಗ್ರಿ ಉಷ್ಣತೆ, ಶೇಕಡಾ 30 ಆರ್ದ್ರತೆಯಲ್ಲಿ ನಡೆಸಿದರೆ ಬೇರ್ಪಡುವ ನೀರು ಸುಮಾರು 55 ಗ್ರಾಂ. ಮಳೆಗಾಲಕ್ಕೂ ಬೇಸಿಗೆಗೂ ಮೂರು ಪಟ್ಟು ವ್ಯತ್ಯಾಸ. ಚಂದ್ರಗುತ್ತಿ ಕಡೆಯ ಗಾಳಿ ಶಿಕಾರಿಪುರದ ಮೆಕ್ಕೆಜೋಳದ ಬಯಲಿನ ಗಾಳಿಗಿಂತ ಹೆಚ್ಚು ದಿನ ಒದ್ದೆಯಾಗಿರುತ್ತದೆ. ಆದ್ದರಿಂದ ಬಯಲುಸೀಮೆಯ ನೆಂಟರ ಮನೆಯಲ್ಲಿ ಯಾವ ಫಿಲ್ಟರೂ ಇಲ್ಲದೆ ಹತ್ತು ವರ್ಷ ನಡೆದ ಯಂತ್ರವನ್ನು ನೋಡಿ ಅದೇ ರೀತಿ ಇಲ್ಲಿಯೂ ನಡೆದೀತು ಎಂದು ನಂಬಬೇಡಿ.

ಟ್ಯಾಂಕಿನ ತಳದ ನಲ್ಲಿ

ಕಾಸು ಖರ್ಚಿಲ್ಲದ ಮೊದಲ ಫಿಲ್ಟರ್ ನಿಮ್ಮ ಬಳಿ ಆಗಲೇ ಇದೆ, ಅದು ಟ್ಯಾಂಕು. ನೀರಿನ ಹೆಚ್ಚಿನ ಪಾಲು ಅಲ್ಲಿಯೇ ಬೀಳುತ್ತದೆ. ಟ್ಯಾಂಕಿನ ತಳದಲ್ಲಿರುವ ಸಣ್ಣ ನಲ್ಲಿಯನ್ನು ಮಳೆಗಾಲದಲ್ಲಿ ಕೆಲಸ ಮಾಡಿದ ಪ್ರತಿದಿನವೂ, ಇಡೀ ದಿನ ಕೆಲಸವಿದ್ದರೆ ಎರಡು ಮೂರು ಸಲವೂ, ಸ್ವಲ್ಪ ಒತ್ತಡ ಇರುವಾಗಲೇ ನಿಧಾನವಾಗಿ ತೆರೆದು ನೀರು ಬಿಡಬೇಕು. ಬರಿಯ ಗಾಳಿ ಬರುವವರೆಗೆ ಬಿಟ್ಟು ಮುಚ್ಚಬೇಕು. ಬರುವ ನೀರು ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ಎಣ್ಣೆ ಬೆರೆತಿದೆ, ಕೆಂಪಗಿದ್ದರೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದೆ. ಈ ನೀರನ್ನು ಡಬ್ಬಿಯಲ್ಲಿ ಹಿಡಿಯಿರಿ. ಅಡಿಕೆ ಮರದ ಬುಡಕ್ಕಾಗಲಿ ದನದ ಬಾನಿಯ ಕಡೆಗಾಗಲಿ ಹರಿಯಬಿಡಬೇಡಿ.

ನಲ್ಲಿಯನ್ನು ತಿಂಗಳುಗಟ್ಟಲೆ ಮುಟ್ಟದಿದ್ದರೆ ಎರಡು ತೊಂದರೆಗಳಿವೆ. ನೀರು ತುಂಬಿದಷ್ಟೂ ಗಾಳಿಗೆ ಜಾಗ ಕಡಿಮೆಯಾಗಿ ಮೋಟಾರು ಮತ್ತೆ ಮತ್ತೆ ಚಾಲೂ ಆಗುತ್ತದೆ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ನೀರು ನಿಲ್ಲುವ ತಳದ ತಗಡು ಒಳಗಿನಿಂದ ಸವೆಯುತ್ತ ಹೋಗುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ. 160 ಲೀಟರಿನ ಟ್ಯಾಂಕಿನಲ್ಲಿ 7 ಕಿ.ಗ್ರಾಂ ಒತ್ತಡದ ಗಾಳಿ ತುಂಬಿದಾಗ ಅದರಲ್ಲಿ ಅಡಗಿರುವ ಶಕ್ತಿ ಒಂದು ಟನ್ ತೂಕದ ಬಂಡೆಯನ್ನು ಸುಮಾರು 14 ಮೀಟರ್ ಎತ್ತರದಿಂದ ಬೀಳಿಸಿದಾಗಿನ ಶಕ್ತಿಗೆ ಸಮ. ತಗಡು ಒಡೆದರೆ ಇಷ್ಟೂ ಶಕ್ತಿ ಒಂದೇ ಕ್ಷಣದಲ್ಲಿ ಹೊರಬೀಳುತ್ತದೆ. ಟ್ಯಾಂಕಿನ ತಳದಲ್ಲಿ ಸಣ್ಣ ತೂತು ಬಿದ್ದು ಗಾಳಿ ಸೋರುತ್ತಿದ್ದರೆ ಅದಕ್ಕೆ ಬೆಸುಗೆ ಹಾಕಿಸಿ ಬಳಸುವ ಯೋಚನೆ ಬೇಡವೇ ಬೇಡ. ಒಂದು ತೂತು ಬಿದ್ದ ಕಡೆ ಸುತ್ತಲಿನ ತಗಡೂ ಕಾಗದದಂತಾಗಿರುತ್ತದೆ. ಆ ಟ್ಯಾಂಕು ಗುಜರಿಗೆ ಹೋಗಬೇಕು. ಹಳೆಯ ಟ್ಯಾಂಕಿನ ಬಲವನ್ನು ಪರೀಕ್ಷಿಸಬೇಕಾದರೆ ಅದರಲ್ಲಿ ಪೂರ್ತಿ ನೀರು ತುಂಬಿ, ನೀರಿನ ಒತ್ತಡದಿಂದ, ತಿಳಿದವರಿಂದ ಮಾಡಿಸಬೇಕು. ಗಾಳಿ ತುಂಬಿ ಪರೀಕ್ಷಿಸುವುದು ಅಪಾಯಕರ. ಟ್ಯಾಂಕಿನ ಮೇಲಿನ ಸುರಕ್ಷಾ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ಅದು ಅಂಟಿಕೊಂಡಿಲ್ಲವೆಂದು ನೋಡಿಕೊಳ್ಳಿ.

ಫಿಲ್ಟರ್ ಹಿಡಿಯುವುದು ಹನಿಯನ್ನು, ಆವಿಯನ್ನಲ್ಲ

ನೀರು ಬೇರ್ಪಡಿಸುವ ಸಾಮಾನ್ಯ ಫಿಲ್ಟರಿನ ರಚನೆ ಸರಳವಾದದ್ದು. ಒಳಬರುವ ಗಾಳಿಯನ್ನು ಓರೆಯಾದ ರೆಕ್ಕೆಗಳು ಬುಗುರಿಯಂತೆ ಸುತ್ತಿಸುತ್ತವೆ. ಭಾರವಾದ ನೀರಿನ ಹನಿ, ತುಕ್ಕಿನ ಪುಡಿ ಬಟ್ಟಲಿನ ಗೋಡೆಗೆ ಬಡಿದು ಕೆಳಗಿಳಿಯುತ್ತವೆ. ಗಾಳಿ ನಡುವಿನ ಜರಡಿಯ ಮೂಲಕ ಹಾದು ಹೊರಗೆ ಹೋಗುತ್ತದೆ. ಹನಿಯಾಗಿರುವ ನೀರನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆವಿಯಾಗಿರುವ ನೀರು ಮಾತ್ರ ಗಾಳಿಯೊಡನೆ ಹಾಗೆಯೇ ದಾಟಿಹೋಗುತ್ತದೆ. ಗೋಣಿಚೀಲದಲ್ಲಿ ಹೊಗೆ ಹಿಡಿಯಲು ಆದೀತೇ?

ಟ್ಯಾಂಕಿನ ಬಾಯಿಗೇ ಫಿಲ್ಟರು ಕೂರಿಸಿದಾಗ ಆಗುವ ತಪ್ಪು ಇದು. ಅರ್ಧ ಗಂಟೆ ಓಡಿದ ಕಂಪ್ರೆಸರಿನಿಂದ ಬರುವ ಗಾಳಿ ಬೆಚ್ಚಗಿರುತ್ತದೆ, ಟ್ಯಾಂಕಿನ ಬಾಯಿಯಲ್ಲಿ ನೀರಿನ ಒಂದು ಪಾಲು ಇನ್ನೂ ಆವಿಯಾಗಿಯೇ ಇರುತ್ತದೆ. ಫಿಲ್ಟರು ದಾಟಿ, ತಣ್ಣಗಿರುವ ರಬ್ಬರ್ ಕೊಳವೆಯಲ್ಲಿ ಹೋಗುವಾಗ ಅದು ಹನಿಯಾಗುತ್ತದೆ. ಮುಂದೆ ಅದನ್ನು ಹಿಡಿಯಲು ಏನೂ ಇಲ್ಲ. ಆದ್ದರಿಂದ ಗಾಳಿಯನ್ನು ಮೊದಲು ತಣಿಸಿ, ಆಮೇಲೆ ಸೋಸಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಟ್ಯಾಂಕಿನಿಂದ 6 ರಿಂದ 8 ಮೀಟರ್ ಉದ್ದ ಅರ್ಧ ಅಥವಾ ಮುಕ್ಕಾಲು ಅಂಗುಲದ ಜಿ.ಐ. ಪೈಪನ್ನು ಗೋಡೆಯ ಮೇಲೆ ಹಾಯಿಸಿ, ಅದರ ಕೊನೆಯಲ್ಲಿ ಫಿಲ್ಟರು ಕೂರಿಸಿದರೆ ಸಾಕು. ಶೆಡ್ಡು ಚಿಕ್ಕದಾಗಿದ್ದರೆ ಪೈಪನ್ನು ಗೋಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಎರಡು ಮೂರು ಸಲ ಮಡಿಸಿ ಒಯ್ಯಬಹುದು. ಪ್ರತಿ ಮಡಿಕೆಯ ತಗ್ಗಿನಲ್ಲಿ ಒಂದು ಗೇಣು ಪೈಪನ್ನು ಕೆಳಕ್ಕೆ ಇಳಿಬಿಟ್ಟು ತುದಿಗೆ ನಲ್ಲಿ ಹಾಕಿ. ಕಂಪ್ರೆಸರಿಗೂ ಪೈಪಿಗೂ ನಡುವೆ ಒಂದು ಮೊಳದಷ್ಟು ಬಾಗುವ ಕೊಳವೆ ಇರಲಿ, ಇಲ್ಲವಾದರೆ ಯಂತ್ರದ ನಡುಕಕ್ಕೆ ಪೈಪಿನ ಮರೆ ಸಡಿಲವಾಗುತ್ತದೆ.

ಉದ್ದಕ್ಕೆ ಹೋಗುವ ಪೈಪಿಗೆ ಟ್ಯಾಂಕಿನಿಂದ ದೂರಕ್ಕೆ ಇಳಿಜಾರು ಕೊಡಬೇಕು, 10 ಅಡಿಗೆ ಸುಮಾರು ಒಂದೂಕಾಲು ಅಂಗುಲ. ಗದ್ದೆಯ ಕಾಲುವೆಗೆ ಓಟ ಕೊಡುವ ಲೆಕ್ಕವೇ ಇಲ್ಲಿಯೂ. ಕವಲು ತೆಗೆಯುವುದು ಮಾತ್ರ ಕಾಲುವೆಗೆ ವಿರುದ್ಧ: ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆದು, ಬಾಗಿಸಿ ಕೆಳಗಿಳಿಸಬೇಕು. ತಳದಿಂದ ತೆಗೆದರೆ ಪೈಪಿನಲ್ಲಿ ಹರಿಯುವ ನೀರೆಲ್ಲ ನಿಮ್ಮ ಕೊಳವೆಗೇ ಬರುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ತೋಟದ ನೀರಾವರಿಗೆ ತಂದ ಪಿ.ವಿ.ಸಿ. ಪೈಪಿನ ತುಂಡುಗಳು ನಮ್ಮ ಎಲ್ಲರ ಮನೆಯ ಅಟ್ಟದ ಮೇಲೂ ಇರುತ್ತವೆ. ಅದರ ಮೇಲೆ 10 ಕಿ.ಗ್ರಾಂ ಒತ್ತಡ ತಡೆಯುತ್ತದೆಂದು ಬರೆದಿರಲೂಬಹುದು. ಆ ಬರಹ ನೀರಿಗೆ ಸಂಬಂಧಿಸಿದ್ದು. ನೀರು ತುಂಬಿದ ಪಿ.ವಿ.ಸಿ. ಪೈಪು ಒಡೆದರೆ ಬಿರುಕು ಬಿಟ್ಟು ಸೋರುತ್ತದೆ. ಅದುಮಿದ ಗಾಳಿ ತುಂಬಿದ ಪಿ.ವಿ.ಸಿ. ಪೈಪು ಒಡೆದರೆ ಚೂರುಚೂರಾಗಿ ಗಾಜಿನಂತೆ ಸಿಡಿಯುತ್ತದೆ. ಎಂದೂ ಬಳಸಕೂಡದು.

ಗಾಳಿ ಹೀರುವ ಬಾಯಿಯ ಫಿಲ್ಟರ್

ನೀರಿನ ಫಿಲ್ಟರಿನ ಬಗೆಗೆ ಕೇಳುವವರು ಬಹಳ, ಯಂತ್ರ ಗಾಳಿ ಹೀರುವ ಕಡೆಯ ಫಿಲ್ಟರಿನ ಬಗೆಗೆ ಕೇಳುವವರು ಕಡಿಮೆ. ಯಂತ್ರದ ಆಯುಷ್ಯ ಮಾತ್ರ ನಿಂತಿರುವುದು ಈ ಎರಡನೆಯದರ ಮೇಲೆ. ಅಡಿಕೆ ಸುಲಿಯುವ ಕಾಲದಲ್ಲಿ, ಭತ್ತ ಅಥವಾ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಶೆಡ್ಡಿನ ತುಂಬ ಧೂಳಿರುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಆ ಧೂಳು ಉಜ್ಜುಕಾಗದದಂತೆ ಕೆಲಸ ಮಾಡಿ ಪಿಸ್ಟನ್ನಿನ ಉಂಗುರಗಳನ್ನು ಸವೆಸುತ್ತದೆ. ಉಂಗುರ ಸವೆದರೆ ತಳದ ಎಣ್ಣೆ ಮೇಲಕ್ಕೆ ಬಂದು ಗಾಳಿಯಲ್ಲಿ ಸೇರುತ್ತದೆ. ಹೀರುವ ಫಿಲ್ಟರು ಕಟ್ಟಿಕೊಂಡರೂ ಇದೇ ಗತಿ: ಒಳಗೆ ಗಾಳಿ ಸಾಲದೆ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಯಂತ್ರ ಬಿಸಿಯಾಗುತ್ತದೆ, ಟ್ಯಾಂಕು ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ. ಟ್ಯಾಂಕು ಖಾಲಿಯಿಂದ ತುಂಬಲು ಎಷ್ಟು ನಿಮಿಷ ಬೇಕು ಎಂಬುದನ್ನು ಯಂತ್ರ ಹೊಸದಿರುವಾಗಲೇ ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ.

ಸಣ್ಣ ಕಂಪ್ರೆಸರುಗಳಲ್ಲಿ ಕಾಗದದ್ದು, ಉಣ್ಣೆಯಂಥ ಫೆಲ್ಟಿನದು ಅಥವಾ ಸ್ಪಂಜಿನದು ಎಂದು ಮೂರು ಬಗೆಯ ಹೀರುವ ಫಿಲ್ಟರುಗಳು ಸಿಗುತ್ತವೆ. ಕಾಗದದ್ದು ಅತಿ ಸಣ್ಣ ಧೂಳನ್ನೂ ತಡೆಯುತ್ತದೆ, ಆದರೆ ಒದ್ದೆಯಾದರೆ ಉಬ್ಬಿ ಗಾಳಿ ಬಿಡುವುದಿಲ್ಲ, ತೊಳೆಯಲೂ ಬಾರದು. ನಮ್ಮ ಕಡೆಯ ಮಳೆಗಾಲಕ್ಕೆ ಫೆಲ್ಟು ಅಥವಾ ಸ್ಪಂಜು ಒಳ್ಳೆಯದೆಂದು ನನ್ನ ಅಭಿಪ್ರಾಯ, ಸುಗ್ಗಿಯ ಕಾಲಕ್ಕೆ ಕಾಗದದ್ದನ್ನು ಹಾಕಿಕೊಳ್ಳಬಹುದು. ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಹಾಕಬೇಕು. ಕಾಗದದ್ದನ್ನು ಮೆಲ್ಲಗೆ ತಟ್ಟಿ, ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ಹೊರಗಿನಿಂದ ಊದಿದರೆ ಧೂಳು ಇನ್ನೂ ಒಳಕ್ಕೆ ಕೂರುತ್ತದೆ. ಸುಗ್ಗಿಯ ದಿನಗಳಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡಿ.

ಧೂಳು ಬಹಳವಾದರೆ ಹೀರುವ ಬಾಯಿಗೆ ಪೈಪು ಜೋಡಿಸಿ ಶೆಡ್ಡಿನ ಹೊರಗೆ, ಸೂರಿನ ಕೆಳಗೆ, ನೆರಳಿನ ಕಡೆಗೆ ಒಯ್ಯಬಹುದು. ಪೈಪಿನ ಅಳತೆ ಯಂತ್ರದ ಬಾಯಿಗಿಂತ ಕಿರಿದಾಗಬಾರದು, ತುದಿ ಕೆಳಮುಖವಾಗಿರಬೇಕು, ತುದಿಗೆ ಸಣ್ಣ ಜಾಲರಿ ಕಟ್ಟಬೇಕು. ಜಾಲರಿಯಿಲ್ಲದ ಪೈಪಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಒಂದು ವಾರ ಸಾಕು. ಡೀಸೆಲ್ ಪಂಪಿನ ಹೊಗೆ ಬರುವ ಕಡೆ ಬಾಯಿ ತಿರುಗಿಸಬೇಡಿ.

ದನದ ಕೊಟ್ಟಿಗೆಯ ಗಾಳಿಯೂ ಬೇಡ. ಗಂಜಳದಿಂದ ಏಳುವ ಅಮೋನಿಯಾ ಹಿತ್ತಾಳೆಗೆ ಶತ್ರು, ಮತ್ತು ಕಂಪ್ರೆಸರಿನ ನಲ್ಲಿ, ಜೋಡಣೆಗಳಲ್ಲಿ ಹಿತ್ತಾಳೆಯೇ ಹೆಚ್ಚು. ಇದಕ್ಕೊಂದು ಹಳೆಯ ಕತೆಯಿದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದವರು ಮಳೆಗಾಲದಲ್ಲಿ ಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿಯುವ ಹೊತ್ತಿಗೆ ಹಿತ್ತಾಳೆಯ ತೋಟಾಗಳು ಯಾರೂ ಮುಟ್ಟದೆಯೇ ಬಿರಿದಿರುತ್ತಿದ್ದವು. ತಯಾರಿಸುವಾಗ ಲೋಹದಲ್ಲಿ ಉಳಿದ ಬಿಗಿತವೂ, ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೂ, ತೇವವೂ ಕೂಡಿ ಹೀಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು ವಿವರಿಸಿದರು. ಬಿಗಿಯಾಗಿ ತಿರುಚಿ ಕೂರಿಸಿದ ಹಿತ್ತಾಳೆಯ ಜೋಡಣೆಗೂ ಇದೇ ಗತಿ ಬರಬಹುದು.

ಯಾವ ಕೆಲಸಕ್ಕೆ ಯಾವ ಫಿಲ್ಟರ್?

ಟೈರಿಗೆ ಗಾಳಿ ಹಾಕುವುದು, ಯಂತ್ರದ ಧೂಳು ಊದುವುದು ಇಷ್ಟೇ ಕೆಲಸವಾದರೆ ಟ್ಯಾಂಕಿನ ನೀರು ಬಿಡುವುದೇ ಸಾಕು, ಫಿಲ್ಟರಿಗೆ ಹಣ ಸುರಿಯಬೇಕಿಲ್ಲ. ಕೆಸರು ಗದ್ದೆಯಲ್ಲಿ ಹಿಡಿತ ಸಿಗಲೆಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನಾವೇ ಮುಕ್ಕಾಲು ಪಾಲು ನೀರು ತುಂಬಿಸುವುದುಂಟು. ಅಂಥ ಟೈರಿಗೆ ಕಂಪ್ರೆಸರಿನ ನಾಲ್ಕು ಹನಿಯಿಂದ ಏನಾಗಬೇಕು? ಆದರೆ ನೀರು ತುಂಬಿದ ಟೈರಿಗೆ ಗಾಳಿ ಹಾಕುವಾಗ ವಾಲ್ವು ಮೇಲೆ ಬರುವಂತೆ ಚಕ್ರ ನಿಲ್ಲಿಸಿಕೊಳ್ಳಿ, ಇಲ್ಲವಾದರೆ ಟೈರಿನ ನೀರು ಹಿಂದಕ್ಕೆ ಮಾಪಕಕ್ಕೆ ಬರುತ್ತದೆ.

ನಟ್ಟು ಬಿಚ್ಚುವ, ತೂತು ಕೊರೆಯುವ ಗಾಳಿಯ ಸಾಧನಗಳಿದ್ದರೆ ತಣಿಸುವ ಪೈಪು ಮತ್ತು 40 ಮೈಕ್ರಾನಿನ ಒಂದು ನೀರಿನ ಫಿಲ್ಟರು ಅಗತ್ಯ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಈ ಸಾಧನಗಳಿಗೆ ಸ್ವಲ್ಪ ಎಣ್ಣೆಯೂ ಬೇಕು. ಅದಕ್ಕಾಗಿ ಫಿಲ್ಟರು, ಒತ್ತಡ ನಿಯಂತ್ರಕ, ಎಣ್ಣೆ ಹನಿಸುವ ಬಟ್ಟಲು ಮೂರೂ ಕೂಡಿದ ಎಫ್.ಆರ್.ಎಲ್. ಎಂಬ ಜೋಡಣೆಯನ್ನು ಅಂಗಡಿಯಲ್ಲಿ ಕೊಡುತ್ತಾರೆ. ಬಣ್ಣ ಹೊಡೆಯುವ ಉದ್ದೇಶವೂ ಇದ್ದರೆ ಈ ಮೂರರ ಜೋಡಣೆ ಬೇಡ. ಎಣ್ಣೆ ಒಮ್ಮೆ ಮುಟ್ಟಿದ ಕೊಳವೆ ಬಣ್ಣದ ಕೆಲಸಕ್ಕೆ ಬಾರದು. ಸಾಧನದ ಬಾಯಿಗೆ ಕೈಯಿಂದಲೇ ನಾಲ್ಕು ಹನಿ ಎಣ್ಣೆ ಬಿಟ್ಟುಕೊಳ್ಳಿ.

ಹೆಚ್ಚು ಗಮನ ಬೇಕಾದದ್ದು ಬಣ್ಣದ ಕೆಲಸಕ್ಕೆ. ಸೊರಬದಲ್ಲಿ ಗುಡಿಗಾರರ ಕೆತ್ತನೆಯ ಪರಂಪರೆ ಇರುವುದರಿಂದ ಮರಗೆಲಸಕ್ಕೆ ಪಾಲಿಶ್ ಸಿಂಪಡಿಸುವವರಿಗೂ ಈ ಮಾತು ಉಪಯೋಗಕ್ಕೆ ಬಂದೀತು. ಇಲ್ಲಿ ಎರಡು ಫಿಲ್ಟರು ಸಾಲಾಗಿ ಬೇಕು. ಮೊದಲು 5 ಮೈಕ್ರಾನಿನ ನೀರಿನ ಫಿಲ್ಟರು, ಅದರ ನಂತರ ಎಣ್ಣೆಯ ಮಂಜನ್ನು ಹಿಡಿಯುವ ಕೊಅಲೆಸಿಂಗ್ ಫಿಲ್ಟರು. ಎರಡನೆಯದರಲ್ಲಿ ಅತಿ ನಯವಾದ ನಾರಿನ ಪದರದ ಮೂಲಕ ಗಾಳಿ ಒಳಗಿನಿಂದ ಹೊರಕ್ಕೆ ಹಾಯುತ್ತದೆ. ಕಣ್ಣಿಗೆ ಕಾಣದ ಎಣ್ಣೆಯ ಕಣಗಳು ನಾರಿಗೆ ಅಂಟಿ, ಒಂದಕ್ಕೊಂದು ಕೂಡಿ, ದೊಡ್ಡ ಹನಿಯಾಗಿ ಕೆಳಗಿಳಿಯುತ್ತವೆ. ಇದರ ಮುಂದೆ 5 ಮೈಕ್ರಾನಿನದು ಇಲ್ಲದಿದ್ದರೆ ತುಕ್ಕಿನ ಪುಡಿಯಿಂದ ಒಂದೇ ಮಳೆಗಾಲದಲ್ಲಿ ಕಟ್ಟಿಹೋಗುತ್ತದೆ. ಇದರ ನಾರನ್ನು ತೊಳೆದು ಬಳಸಲು ಬರುವುದಿಲ್ಲ, ವರ್ಷಕ್ಕೊಮ್ಮೆ ಅಥವಾ ಫಿಲ್ಟರಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಸುಮಾರು 0.7 ಕಿ.ಗ್ರಾಂ ಮುಟ್ಟಿದಾಗ ಬದಲಾಯಿಸಬೇಕು. ಒತ್ತಡ ತಗ್ಗಿಸುವ ನಿಯಂತ್ರಕ ಈ ಎರಡೂ ಫಿಲ್ಟರುಗಳ ನಂತರ ಬರಬೇಕು. ಒತ್ತಡ ಹೆಚ್ಚಿರುವಾಗಲೇ ನೀರು ಹೆಚ್ಚು ಹನಿಯಾಗುವುದರಿಂದ ಅಲ್ಲಿಯೇ ಅದನ್ನು ಹಿಡಿಯುವುದು ಲಾಭ.

ಗಾಳಿ ಒಣಗಿಸುವ ಯಂತ್ರವೂ ಬೇಕೇ ಎಂದು ಕೇಳುವವರಿದ್ದಾರೆ. ಮಂಜುಗಟ್ಟುವ ಪೆಟ್ಟಿಗೆಯಂತೆ ಕೆಲಸ ಮಾಡುವ ಒಣಗಿಸುವ ಯಂತ್ರ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ನೀರು ತೆಗೆಯುತ್ತದೆ. ಕಾರ್ಖಾನೆಗಳಿಗೆ ಅದು ಸರಿ, ಮನೆಗೆ ಭಾರ. ಸಿಲಿಕಾ ಜೆಲ್ ಹರಳು ತುಂಬಿದ ಬಟ್ಟಲು ಅಗ್ಗವೆಂದು ತೋರುತ್ತದೆ. ಅದರ ಲೆಕ್ಕವನ್ನೂ ನೋಡೋಣ. ಮೇಲಿನ ಉದಾಹರಣೆಯಲ್ಲಿ ಗಾಳಿ ಪೈಪಿನಲ್ಲಿ 25 ಡಿಗ್ರಿಗೆ ತಣಿದು ಫಿಲ್ಟರು ದಾಟಿದ ಮೇಲೂ ಗಂಟೆಗೆ ಸುಮಾರು 29 ಗ್ರಾಂ ಆವಿ ಉಳಿದಿರುತ್ತದೆ. ಅರ್ಧ ಕಿಲೋ ಹರಳು ತನ್ನ ತೂಕದ ಐದನೇ ಒಂದು ಪಾಲು, ಅಂದರೆ 100 ಗ್ರಾಂ ನೀರು ಹೀರಿತೆಂದರೆ ಮೂರೂವರೆ ಗಂಟೆಯ ಕೆಲಸಕ್ಕೆ ಮುಗಿಯಿತು. ಬಣ್ಣ ಬದಲಾದ ಹರಳನ್ನು ಸುಮಾರು 120 ಡಿಗ್ರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಬಹುದು. ಕೊಳ್ಳುವುದಾದರೆ ಕಿತ್ತಳೆ ಬಣ್ಣದ ಹರಳನ್ನು ಕೊಳ್ಳಿ. ನೀಲಿ ಹರಳಿನಲ್ಲಿರುವ ಕೋಬಾಲ್ಟ್ ಲವಣ ಆರೋಗ್ಯಕ್ಕೆ ಒಳ್ಳೆಯದಲ್ಲ. ನೀರಿನ ಫಿಲ್ಟರಿಲ್ಲದೆ ಹರಳಿನ ಬಟ್ಟಲನ್ನು ಕೂರಿಸಿದರೆ ಹನಿ ನೀರಿಗೆ ಹತ್ತೇ ನಿಮಿಷದಲ್ಲಿ ಹಾಳಾಗುತ್ತದೆ.

ನನ್ನ ಮಾತು ಕೇಳುವುದಾದರೆ ಟ್ರ್ಯಾಕ್ಟರಿನ ಬಣ್ಣಕ್ಕೆ ಈ ಹರಳೂ ಬೇಡ. ಕಾರಣವಿದೆ. ಹನಿಗಳನ್ನು ಪೂರ್ತಿ ತೆಗೆದ ಗಾಳಿ ಗನ್ನಿನಿಂದ ಹೊರಬಂದು ಎಂಟು ಪಟ್ಟು ಹಿಗ್ಗಿದಾಗ ಅದರ ಆರ್ದ್ರತೆ ಶೇಕಡಾ 12ರ ಆಸುಪಾಸಿಗೆ ಇಳಿಯುತ್ತದೆ. ಹೊರಗಿನ ಶೇಕಡಾ 90 ಆರ್ದ್ರತೆಯ ಗಾಳಿಗಿಂತ ಅದು ಎಷ್ಟೋ ಒಣ. ಮಳೆ ದಿನ ಹೊಡೆದ ಲ್ಯಾಕರ್ ಬೆಳ್ಳಗೆ ಮಬ್ಬಾಗುವುದು ಕಂಪ್ರೆಸರಿನ ದೋಷದಿಂದಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಸುತ್ತಲಿನ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಯಾವ ಫಿಲ್ಟರೂ ಇದನ್ನು ತಡೆಯಲಾರದು. ನಿಧಾನವಾಗಿ ಆರುವ ಥಿನ್ನರ್ ಬಳಸಬೇಕು ಅಥವಾ ಮಳೆ ಬಿಡುವವರೆಗೆ ಕಾಯಬೇಕು. ದೀವಳಿಗೆ ಕಳೆದ ಮೇಲೆ ಬಣ್ಣ ಹೊಡೆದರೆ ಯಾವ ಹರಳೂ ಕೊಡದ ಫಲ ಸಿಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಫಿಲ್ಟರಿನ ಮೈಮೇಲೆ ಅಥವಾ ಚೀಟಿಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹಾಯಬಲ್ಲದೆಂದು ಬರೆದಿರುತ್ತದೆ. ಇದನ್ನು ಕಂಪ್ರೆಸರಿನ ಅಳತೆಗೆ ಹೋಲಿಸಬೇಡಿ, ನಿಮ್ಮಲ್ಲಿರುವ ಸಾಧನಗಳಲ್ಲಿ ಹೆಚ್ಚು ಗಾಳಿ ಕುಡಿಯುವುದಕ್ಕೆ ಹೋಲಿಸಿ. ಟ್ಯಾಂಕಿನಲ್ಲಿ ಸಂಗ್ರಹವಿರುವುದರಿಂದ ಬಣ್ಣದ ಗನ್ನು ಕಂಪ್ರೆಸರು ಕೊಡುವುದಕ್ಕಿಂತ ಹೆಚ್ಚು ಗಾಳಿಯನ್ನು ಸ್ವಲ್ಪ ಹೊತ್ತು ಎಳೆದುಕೊಳ್ಳಬಲ್ಲದು. ಸಾಧನಕ್ಕೆ ಬೇಕಾದ ಗಾಳಿಯ ಒಂದೂವರೆ ಪಟ್ಟು ಹಾಯುವ ಫಿಲ್ಟರನ್ನು ಆರಿಸಿದರೆ ಒತ್ತಡ ಕುಸಿಯುವುದಿಲ್ಲ. ಅರ್ಧ ಅಂಗುಲದ ಪೈಪಿಗೆ ಕಾಲು ಅಂಗುಲದ ಫಿಲ್ಟರು ಹಾಕುವುದು ದೊಡ್ಡ ಕಾಲುವೆಗೆ ಸಣ್ಣ ತೂಬು ಇಟ್ಟಂತೆ.

ಬಟ್ಟಲಿನ ಕಡೆಗೆ ವಿಶೇಷ ಗಮನ ಕೊಡಿ. ಪಾರದರ್ಶಕ ಬಟ್ಟಲು ಗಾಜಿನದಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದು ಸಾಮಾನ್ಯವಾಗಿ 10 ಕಿ.ಗ್ರಾಂ ಒತ್ತಡಕ್ಕೆ, 50 ರಿಂದ 60 ಡಿಗ್ರಿ ಉಷ್ಣತೆಗೆ ತಕ್ಕದ್ದು. ಥಿನ್ನರ್, ಪೆಟ್ರೋಲು, ಅಸಿಟೋನುಗಳಿಂದ ಒರೆಸಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಒಂದು ದಿನ ಒತ್ತಡದಲ್ಲಿ ಸಿಡಿಯುತ್ತದೆ. ಸಾಬೂನು ನೀರಿನಿಂದ ಮಾತ್ರ ತೊಳೆಯಿರಿ. ನಮ್ಮ ಕೆಲವು ದ್ರವರೂಪದ ಕೀಟನಾಶಕಗಳಲ್ಲಿಯೂ ಪ್ಲಾಸ್ಟಿಕ್ಕನ್ನು ತಿನ್ನುವ ಕ್ಸೈಲೀನಿನಂಥ ದ್ರಾವಕಗಳಿವೆ, ಆದುದರಿಂದ ಔಷಧಿ ಇಡುವ ಕೋಣೆಯಲ್ಲಿ ಕಂಪ್ರೆಸರು ಇಡಬೇಡಿ. ಬಟ್ಟಲಿನ ಸುತ್ತ ಲೋಹದ ಕವಚ ಇರುವುದನ್ನೇ ಕೊಳ್ಳಿ. ಬಣ್ಣದ ಕೆಲಸ ಹೆಚ್ಚಿದ್ದರೆ ಪೂರ್ತಿ ಲೋಹದ ಬಟ್ಟಲೇ ಲೇಸು.

ಬಟ್ಟಲಿನ ನೀರು ಬಿಡುವ ಬಗೆಯಲ್ಲಿ ಮೂರು ವಿಧಗಳುಂಟು. ಕೈಯಿಂದ ತಿರುಗಿಸುವುದು ಅಗ್ಗ, ಆದರೆ ಮರೆತರೆ ನೀರು ಜರಡಿಯ ಮಟ್ಟಕ್ಕೇರಿ ಗಾಳಿಯೊಡನೆ ಮುಂದಕ್ಕೆ ಹೋಗುತ್ತದೆ. ತೇಲುವ ಬೆಂಡಿನಿಂದ ತಾನಾಗಿಯೇ ತೆರೆಯುವುದು ಒಳ್ಳೆಯದಾದರೂ ತುಕ್ಕಿನ ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಒತ್ತಡ ಇಳಿದು ಸೊನ್ನೆಯಾದಾಗ ತಾನಾಗಿ ತೆರೆದುಕೊಳ್ಳುವ ಮೂರನೆಯ ವಿಧ ಮನೆಯ ವರ್ಕ್‌ಶಾಪಿಗೆ ಹೊಂದುತ್ತದೆ. ಕೆಲಸ ಮುಗಿದ ಮೇಲೆ ಪೈಪಿನ ಗಾಳಿ ಬಿಟ್ಟರೆ ಸಾಕು, ಬಟ್ಟಲು ತಾನೇ ಬರಿದಾಗುತ್ತದೆ. ಕೊಳ್ಳುವ ದಿನವೇ ಬಿಡಿ ಜರಡಿ ಮತ್ತು ರಬ್ಬರ್ ಉಂಗುರ ಅದೇ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ.

ಫಿಲ್ಟರಿನಿಂದ ಆಗದ ಕೆಲಸ

ಹಳೆಯ ಬಾವಿಗೆ ಇಳಿಯುವವರಿಗೆ ಉಸಿರಾಡಲು ಕಂಪ್ರೆಸರಿನ ಗಾಳಿ ಬಿಡುವ ಯೋಚನೆ ಕೆಲವರಿಗೆ ಬರುತ್ತದೆ. ಎಣ್ಣೆ ಹಾಕಿ ನಡೆಸುವ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಮಂಜು ಇರುತ್ತದೆ, ಎಣ್ಣೆ ಅತಿಯಾಗಿ ಕಾದಾಗ ಅಥವಾ ಹತ್ತಿರದ ಇಂಜಿನ್ನಿನ ಹೊಗೆ ಹೀರಿದಾಗ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವೂ ಸೇರುತ್ತದೆ. ಮೇಲೆ ಹೇಳಿದ ಯಾವ ಫಿಲ್ಟರೂ ಈ ಅನಿಲವನ್ನು ಹಿಡಿಯುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮನೆಯ ಕಂಪ್ರೆಸರನ್ನು ಉಸಿರಾಟಕ್ಕೆ ಎಂದೂ ಬಳಸಬೇಡಿ.

ಅಡಿಕೆ ಸುಲಿದು ಮುಗಿಸಿದ ಆಳುಗಳು ಮೈಮೇಲಿನ ಧೂಳನ್ನು ಗಾಳಿಯಿಂದ ಊದಿಕೊಳ್ಳುವುದನ್ನು ಸಹ ತಡೆಯಬೇಕು. ಫಿಲ್ಟರು ದಾಟಿದ ಸ್ವಚ್ಛ ಗಾಳಿಯಾದರೂ ಗಾಯದ ಮೂಲಕ ಚರ್ಮದೊಳಕ್ಕೆ ನುಗ್ಗಿದರೆ ಪ್ರಾಣಾಪಾಯ, ಕಣ್ಣಿಗೆ ತಗುಲಿದರೆ ಕುರುಡು. ಯಂತ್ರಗಳ ಧೂಳು ಊದುವಾಗಲೂ ಒತ್ತಡವನ್ನು 2 ಕಿ.ಗ್ರಾಂಗೆ ಇಳಿಸಿ, ಕನ್ನಡಕ ಹಾಕಿಕೊಳ್ಳಿ.

ಫಿಲ್ಟರು, ಪೈಪು ಎಲ್ಲ ಕೂರಿಸಿದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡಲು ಮಳೆ ಸುರಿಯುವ ದಿನವನ್ನೇ ಆರಿಸಿ. ಕಂಪ್ರೆಸರನ್ನು ಅರ್ಧ ಗಂಟೆ ಕೆಲಸಕ್ಕೆ ಹಚ್ಚಿ ಟ್ಯಾಂಕು ಬೆಚ್ಚಗಾಗಲಿ. ಆಮೇಲೆ ಕೊಳವೆಯ ತುದಿಯಿಂದ ಒಂದು ಗೇಣು ದೂರದಲ್ಲಿ ಬಿಳಿಯ ಒತ್ತುಕಾಗದವನ್ನು ಹಲಗೆಗೆ ಸಿಕ್ಕಿಸಿ ಒಂದು ನಿಮಿಷ ಗಾಳಿ ಬಿಡಿ. ಕಾಗದದ ಮೇಲೆ ಒದ್ದೆ ಚುಕ್ಕೆ ಮೂಡಿ ಸ್ವಲ್ಪ ಹೊತ್ತಿಗೆ ಆರಿಹೋದರೆ ಅದು ನೀರು, ತಣಿಸುವ ಪೈಪಿನ ಉದ್ದ ಸಾಲದೆಂದು ಅರ್ಥ. ಆರದೆ ಹಳದಿ ಕಲೆಯಾಗಿ ಉಳಿದರೆ ಅದು ಎಣ್ಣೆ, ಆಗ ಮೊದಲು ಗಾಳಿ ಹೀರುವ ಫಿಲ್ಟರನ್ನು ಬಿಚ್ಚಿ ನೋಡಿ, ಅದು ಸ್ವಚ್ಛವಾಗಿದ್ದರೆ ಪಿಸ್ಟನ್ನಿನ ಉಂಗುರಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿ.